ಡಬ್ಬಿಗೆ ಕೈ ಮುಗಿದವರ ಪರವಾಗಿ ಒಂದು ಬಹಿರಂಗ ಪತ್ರ

ಮತದಾರರ ಜಾಗೃತಿಯ ಕೆಲಸ ನೋಡಿಕೊಳ್ಳುವ ಎಲ್ಲ ಅಧಿಕಾರಿಗಳಿಗೆ, ತರಬೇತಿ ಕೊಡುವವರಿಗೆ, ಪೋಸ್ಟರ್ ಬರೆಸುವವರಿಗೆ, ಬೀದಿನಾಟಕ ಆಡಿಸುವವರಿಗೆ

ಮಾನ್ಯರೇ,

ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನೌಕರಿಯಲ್ಲಿದ್ದಷ್ಟು ವರ್ಷವೂ ಚುನಾವಣೆ ಡ್ಯೂಟಿ ಮಾಡಿದ್ದೇನೆ. ಮೊದಲು ಪೋಲಿಂಗ್ ಆಫೀಸರ್, ಆಮೇಲೆ ಪ್ರಿಸೈಡಿಂಗ್ ಆಫೀಸರ್. ಮಸ್ಟರಿಂಗ್ ಸೆಂಟರಿನ ಶಾಮಿಯಾನದ ಕೆಳಗೆ ಕೂತು ಫಾರಂ, ಸೀಲು, ಅರಗು, ಮೇಣದಬತ್ತಿ ಎಲ್ಲ ಎಣಿಸಿಕೊಂಡು, ಬಸ್ಸು ಹತ್ತಿ ಯಾವುದೋ ಹಳ್ಳಿಯ ಶಾಲೆಗೆ ಹೋಗಿ, ಎರಡು ಬೆಂಚು ಜೋಡಿಸಿ ಮಲಗಿ, ಬೆಳಗಿನ ಜಾವ ಎದ್ದು ಮಾಕ್ ಪೋಲ್ ಮಾಡಿದವನು ನಾನು. ನಿಮ್ಮ ಕೆಲಸದ ಕಷ್ಟ ನನಗೆ ಗೊತ್ತು. ಹೊರಗೆ ನಿಂತು ಕಲ್ಲು ಹೊಡೆಯುವ ಮನಸ್ಸಿಲ್ಲ. ಆದರೂ ಒಂದು ವಿಷಯ ಹೇಳದೆ ಇರಲು ಆಗುತ್ತಿಲ್ಲ.

ಜನವರಿ 25ರಂದು ಮತದಾರರ ದಿನಕ್ಕೆ ನಮ್ಮ ಕಡೆಯ ಒಂದು ತಾಲ್ಲೂಕಿನಲ್ಲಿ ಹಿರಿಯ ಮತದಾರರ ಸನ್ಮಾನ ಇಟ್ಟುಕೊಂಡಿದ್ದರು. ತಾಲ್ಲೂಕಿನ ಹೆಸರು ಬರೆಯುವುದಿಲ್ಲ. ಅಲ್ಲಿ ಮೈಕಿನಲ್ಲಿ ಬಂದ ಮಾತನ್ನು ನಾನು ಬೇರೆ ಊರುಗಳಲ್ಲೂ ಕೇಳಿದ್ದೇನೆ, ಒಬ್ಬರ ತಪ್ಪಲ್ಲ ಅದು. ನನ್ನ ದೊಡ್ಡಮ್ಮನನ್ನೂ ಕರೆದಿದ್ದರು. ಅವಳಿಗೆ 97 ನಡೆಯುತ್ತಿದೆ. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ, ಫೋಟೋ. ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಮಾತಾಡಲು ನಿಂತವರು ಮೈಕಿನಲ್ಲಿ ಹೇಳಿದರು: "ಆಗಿನ ಕಾಲದ ಜನಕ್ಕೆ ಏನೂ ಗೊತ್ತಿರಲಿಲ್ಲ. ಓದು ಬರಹ ಇಲ್ಲ. ಮತಪೆಟ್ಟಿಗೆಯನ್ನು ದೇವರು ಅಂದುಕೊಂಡು ಕೈ ಮುಗಿದು ಬರುತ್ತಿದ್ದರು. ಈಗ ನಾವು ಜಾಗೃತರಾಗಿದ್ದೇವೆ." ಸಭೆ ನಕ್ಕಿತು. ಕಾಲೇಜು ಹುಡುಗರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಬಲಗೈ ಮುಂದೆ ಚಾಚಿ ಪ್ರತಿಜ್ಞೆ ತೆಗೆದುಕೊಂಡೆವು. ದೊಡ್ಡಮ್ಮನೂ ಕೈ ಚಾಚಿದಳು. ಶಾಲು ಜಾರುತ್ತಿತ್ತು, ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

ವಾಪಸ್ ಬರುವಾಗ ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ಹೇಳಿದಳು: "ಕೈ ಮುಗಿದದ್ದು ಹೌದು ಮಾರಾಯ. ಚೀಟಿ ಯಾವ ಡಬ್ಬಿಗೆ ಹಾಕಿದೆ ಅಂತ ಅವರಿಗೆ ಗೊತ್ತುಂಟಾ?"

ಈ ಪತ್ರ ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ.

1952ರ ಚುನಾವಣೆ ಹೇಗೆ ನಡೆಯಿತು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ. ಗೊತ್ತಿರಬೇಕು ಅಂತಲೂ ಇಲ್ಲ ಬಿಡಿ, ಆದರೆ ಮೈಕ್ ಹಿಡಿಯುವವರಿಗೆ ಗೊತ್ತಿರಬೇಕಲ್ವಾ? ಆಗ ಮತಪತ್ರದ ಮೇಲೆ ಅಭ್ಯರ್ಥಿಯ ಹೆಸರೂ ಇಲ್ಲ, ಚಿಹ್ನೆಯೂ ಇಲ್ಲ. ಮುದ್ರೆ ಒತ್ತುವ ಕೆಲಸವೂ ಇಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಕಬ್ಬಿಣದ ಡಬ್ಬಿ. ಡಬ್ಬಿಗೆ ಚಿಹ್ನೆ ಅಂಟಿಸಿರುತ್ತಿದ್ದರು. ಮರೆಯೊಳಗೆ ಹೋಗಿ ನಮಗೆ ಬೇಕಾದ ಡಬ್ಬಿಗೆ ಚೀಟಿ ಹಾಕಿ ಬರುವುದು, ಅಷ್ಟೆ. ಕಾಂಗ್ರೆಸ್ಸಿಗೆ ಜೋಡೆತ್ತು, ಸೋಷಲಿಸ್ಟರಿಗೆ ಮರ, ಕಿಸಾನ್ ಮಜ್ದೂರ್ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ. ಕೊಡಗಿನಲ್ಲಿ ಮೈಸೂರಿನ ಜೊತೆ ಸೇರುವುದು ಬೇಡ ಎಂದು ನಿಂತವರನ್ನು ಜನ 'ತಕ್ಕಡಿ ಪಕ್ಷ' ಎಂದೇ ಕರೆದರು, ಅವರ ಚಿಹ್ನೆ ತಕ್ಕಡಿ. ಚೀಟಿ ಅಚ್ಚಾಗಿದ್ದು ನಾಸಿಕದಲ್ಲಿ, ನೋಟು ಅಚ್ಚು ಹಾಕುವ ಊರಿನಲ್ಲಿ. ದೊಡ್ಡಮ್ಮ ಹೇಳುವ ಹಾಗೆ ಅದು "ಒಂದು ರೂಪಾಯಿ ನೋಟಿನ ಹಾಗೆ ಇತ್ತು, ಡಬ್ಬಿಗೆ ಹಾಕೋಕೆ ಮನಸ್ಸೇ ಬರಲಿಲ್ಲ."

ದೊಡ್ಡಮ್ಮ ಮೊದಲ ಸಲ ಮತ ಹಾಕಿದ ಊರು ಈಗ ಇಲ್ಲ. ಅದು ಸಾಗರ-ಹೊಸನಗರ ಕ್ಷೇತ್ರದಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ನೀರಿನೊಳಗೆ ಹೋಯಿತು. ಮನೆ, ಗದ್ದೆ, ಆ ಬೂತ್ ಇದ್ದ ಶಾಲೆ, ಎಲ್ಲ. ನಮ್ಮವರು ಬೇರೆ ತಾಲ್ಲೂಕಿಗೆ ಬಂದು ಕಾಡು ಕಡಿದು ಮತ್ತೆ ಶುರು ಮಾಡಿದರು. ಆ ಕಥೆ ಇಲ್ಲಿ ಬೇಡ.

ದೊಡ್ಡಪ್ಪ ಗೇಣಿ ಒಕ್ಕಲು. ಒಡೆಯರ ಗದ್ದೆ ಮಾಡುತ್ತಿದ್ದ. 1951ರಲ್ಲಿ ನಮ್ಮ ಸೀಮೆಯ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆಗಿತ್ತು. ಗೇಣಿ ಅಳೆಯುವ ಕೊಳಗದಲ್ಲೇ ಮೋಸ ಇದೆ ಅಂತ ಶುರುವಾದ ಜಗಳ ಅದು. ಎಚ್. ಗಣಪತಿಯಪ್ಪನವರು ಒಕ್ಕಲುಗಳನ್ನು ಒಟ್ಟು ಮಾಡಿದರು. ಸೋಷಲಿಸ್ಟ್ ನಾಯಕ ಲೋಹಿಯಾ ಬಂದರು, ಅವರ ಬಂಧನವೂ ಆಯಿತು. ಅದಾಗಿ ವರ್ಷ ತುಂಬುವ ಮೊದಲೇ ಚುನಾವಣೆ. ಸೋಷಲಿಸ್ಟ್ ಪಕ್ಷದಿಂದ ನಿಂತವರು ಶಾಂತವೇರಿ ಗೋಪಾಲಗೌಡರು. ಇನ್ನೂ ಮೂವತ್ತು ತುಂಬದ ಹುಡುಗ, ಕೈಯಲ್ಲಿ ಕಾಸಿಲ್ಲ. 'ಒಂದು ವೋಟು, ಒಂದು ನೋಟು' ಅಂತ ಕೇಳಿಕೊಂಡು ಊರೂರು ತಿರುಗಿದರು. ಅಂದರೆ ಮತದ ಜೊತೆಗೆ ಒಂದು ರೂಪಾಯಿಯನ್ನೂ ನೀವೇ ಕೊಡಿ ಅಂತ. ಜನ ಕೊಟ್ಟರು, ಗೆಲ್ಲಿಸಿದರು.

ಈಗ ದೊಡ್ಡಮ್ಮನ ಮಾತಿಗೆ ಬರುತ್ತೇನೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಅಡಿಕೆ ಕೆಲಸದ ಸಮಯ. ನಾನೂ ನಿನ್ನ ದೊಡ್ಡಪ್ಪನೂ ಹೊಳೆ ದಾಟಿ ಹೋದೆವು. ಇಬ್ಬರಿಗೂ ಎರಡೆರಡು ಚೀಟಿ. ಒಂದು ದಿಲ್ಲಿಗೆ, ಒಂದು ಇಲ್ಲಿಗೆ ಅಂತ ಮೊದಲೇ ಹೇಳಿಕೊಟ್ಟಿದ್ದರು. ಬೆರಳಿಗೆ ಮಸಿ ಹಚ್ಚಿದರು. ಒಳಗೆ ಹೋದರೆ ಡಬ್ಬಿ ಸಾಲಾಗಿ ಇಟ್ಟಿದ್ದರು. ಮೊದಲು ಎತ್ತಿನ ಡಬ್ಬಿ ಕಾಣಿಸಿತು. ಕೈ ಮುಗಿದೆ. ದಿಲ್ಲಿ ಚೀಟಿ ಅದಕ್ಕೇ ಹಾಕಿದೆ, ಗಾಂಧಿ ನೆಹರು ಅಂತ. ಆಮೇಲೆ ಇನ್ನೊಂದು ಕಡೆ ಹೋದರೆ ಅಲ್ಲೂ ಎತ್ತು! ಅಲ್ಲೂ ಕೈ ಮುಗಿದೆ. ಎತ್ತು ಕಂಡ್ರೆ ಕೈ ಮುಗಿಯೋದು ನಮ್ಮ ರೂಢಿ. ಚೀಟಿ ಮಾತ್ರ ಮರದ ಡಬ್ಬಿಗೆ ಹಾಕಿದೆ. ಕೊಳಗ ಅಳೆಯೋದು ಇಲ್ಲಿ ಅಲ್ವಾ, ದಿಲ್ಲಿಯಲ್ಲಿ ಅಲ್ಲವಲ್ಲ."

ದೊಡ್ಡಪ್ಪ ಯಾವುದಕ್ಕೆ ಹಾಕಿದ ಅಂತ ಕೇಳಿದೆ. "ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗುಟ್ಟು ಅಂತ ಹೇಳಿದ್ದರಲ್ಲ" ಅಂದಳು.

ಈ ಮಾತನ್ನು ಒಮ್ಮೆ ನಿಧಾನವಾಗಿ ಓದಿ. ಕೈ ಮುಗಿಯುವುದು ಬೇರೆ, ಮತ ಹಾಕುವುದು ಬೇರೆ ಅಂತ ಅವಳಿಗೆ ಮೊದಲ ದಿನವೇ ಗೊತ್ತಿತ್ತು. ದಿಲ್ಲಿಯ ಲೆಕ್ಕ ಬೇರೆ, ಊರಿನ ಲೆಕ್ಕ ಬೇರೆ ಅಂತಲೂ ಗೊತ್ತಿತ್ತು. 1984ರ ಡಿಸೆಂಬರಿನಲ್ಲಿ ಕರ್ನಾಟಕದ ಜನ ಲೋಕಸಭೆಯ 28ರಲ್ಲಿ 24 ಸ್ಥಾನವನ್ನು ಕಾಂಗ್ರೆಸ್ಸಿಗೆ ಕೊಟ್ಟು, ಮೂರೇ ತಿಂಗಳಲ್ಲಿ ವಿಧಾನಸಭೆಗೆ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷವನ್ನು ಗೆಲ್ಲಿಸಿದರು. ಆಗ ಪಂಡಿತರೆಲ್ಲ ಕರ್ನಾಟಕದ ಮತದಾರ ಎಷ್ಟು ಜಾಣ ಅಂತ ಬೆರಗಾಗಿ ಬರೆದರು. ದೊಡ್ಡಮ್ಮ ಆ ಕೆಲಸವನ್ನು ಅದಕ್ಕೆ 32 ವರ್ಷ ಮೊದಲೇ, ಒಂದೇ ದಿನ, ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದ್ದಳು. ಅವಳಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ.

ಅವಳೊಬ್ಬಳೇ ಅಲ್ಲ. ಆ ಚುನಾವಣೆಯಲ್ಲಿ ಮತದಾರರ ಸಂಖ್ಯೆ 17 ಕೋಟಿಗೂ ಜಾಸ್ತಿ. 1951ರ ಜನಗಣತಿಯಲ್ಲಿ ನೂರಕ್ಕೆ 18 ಜನಕ್ಕೆ ಮಾತ್ರ ಓದು ಬರಹ. ಅದಕ್ಕೂ ಮೊದಲು ಮತ ಅನ್ನುವುದು ಆಸ್ತಿ ಇದ್ದವರಿಗೆ, ಕಂದಾಯ ಕಟ್ಟುವವರಿಗೆ, ಓದಿದವರಿಗೆ ಸಿಗುವ ವಸ್ತು. ನಮ್ಮ ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು ಅಂತ ಹೆಮ್ಮೆ ಪಡುತ್ತೇವೆ, ಸರಿ, ಆದರೆ ಅದರಲ್ಲಿ ಗೇಣಿ ಒಕ್ಕಲಿನ ಹೆಂಡತಿಗೆ ಜಾಗ ಇರಲಿಲ್ಲ. ರಾಜರ ಕಾಲದಿಂದ, ಬ್ರಿಟಿಷರ ಕಾಲದಿಂದ ನೇರವಾಗಿ ಎಲ್ಲರಿಗೂ ಒಂದೊಂದು ಮತ. ಇದು ಜೂಜು ಅಂತ ದೊಡ್ಡ ದೊಡ್ಡ ಸಂಪಾದಕರು ಬರೆದರು. ಓದಿದವರಿಗೆ ಮಾತ್ರ ಕೊಡಿ ಅಂದವರೂ ಇದ್ದರು.

1949ರ ನವೆಂಬರ್ 26ರಂದು ಸಂವಿಧಾನ ಸಭೆಯಲ್ಲಿ ಬಾಬು ರಾಜೇಂದ್ರ ಪ್ರಸಾದರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ನಾನು ಹಳ್ಳಿಯವನು, ಈ ಜನ ನನಗೆ ಗೊತ್ತು, ಅವರಿಗೆ ಓದಲು ಬರೆಯಲು ಬಾರದಿರಬಹುದು, ಆದರೆ ಬುದ್ಧಿ ಇದೆ, ವಿವರಿಸಿ ಹೇಳಿದರೆ ತಮ್ಮ ಹಿತವನ್ನೂ ದೇಶದ ಹಿತವನ್ನೂ ಅಳೆಯಬಲ್ಲರು ಅಂತ. 'ವಿವರಿಸಿ ಹೇಳಿದರೆ' ಅನ್ನುವ ಆ ಎರಡು ಪದವನ್ನು ಗಮನಿಸಿ. ಬೋಧನೆ ಮಾಡಿದರೆ ಅಂತ ಅವರು ಹೇಳಲಿಲ್ಲ.

ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಮಾಡಿದ್ದೂ ಅದನ್ನೇ. ಚುನಾವಣೆಗೆ ಮೊದಲು ಅಣಕು ಮತದಾನ ಮಾಡಿಸಿದರು. ದೇಶದ 3,000ಕ್ಕೂ ಜಾಸ್ತಿ ಟಾಕೀಸುಗಳಲ್ಲಿ ಸಾಕ್ಷ್ಯಚಿತ್ರ ತೋರಿಸಿದರು. ರೇಡಿಯೋದಲ್ಲಿ ಹೇಳಿಸಿದರು. ಚೀಟಿ ಎಲ್ಲಿ ಸಿಗುತ್ತದೆ, ಡಬ್ಬಿ ಹೇಗಿರುತ್ತದೆ, ಬೆರಳಿಗೆ ಮಸಿ ಯಾಕೆ, ಒಳಗೆ ಯಾರೂ ನೋಡುವುದಿಲ್ಲ. ಇಷ್ಟೇ ಪಾಠ. ನಮ್ಮ ಹೊಳೆ ದಾಟಿನ ಊರಿಗೂ ಯಾರೋ ಬಂದು ಹೇಳಿ ಹೋಗಿದ್ದಾರೆ ಅಂದರೆ ನೋಡಿ. ಆಮೇಲೆ 1953ರಲ್ಲಿ ಸೂಡಾನಿನವರು ಸ್ವತಂತ್ರರಾಗುವ ಮೊದಲಿನ ಚುನಾವಣೆ ನಡೆಸಿಕೊಡಿ ಅಂತ ಕರೆದದ್ದೂ ಇದೇ ಸೇನರನ್ನು.

ಇನ್ನು ಆ ಜನ ಸುಮ್ನೆ ಎತ್ತಿನ ಡಬ್ಬಿ ತುಂಬಿಸಿ ಬಂದರು ಅನ್ನುವ ಮಾತು. ಲೋಕಸಭೆಯ 489ರಲ್ಲಿ 364 ಕಾಂಗ್ರೆಸ್ಸಿಗೆ ಬಂದದ್ದು ನಿಜ. ಆದರೆ ಬಿದ್ದ ಮತ ನೂರಕ್ಕೆ 45 ಮಾತ್ರ. ಅರ್ಧಕ್ಕಿಂತ ಜಾಸ್ತಿ ಜನ ಎತ್ತನ್ನು ಬಿಟ್ಟು ಬೇರೆ ಡಬ್ಬಿ ಹುಡುಕಿಕೊಂಡು ಹೋಗಿದ್ದಾರೆ. ಮದ್ರಾಸಿನಲ್ಲಿ, ತಿರುವಾಂಕೂರು-ಕೊಚ್ಚಿಯಲ್ಲಿ ಕಾಂಗ್ರೆಸ್ಸಿಗೆ ಬಹುಮತ ಸಿಗಲಿಲ್ಲ. ಮೊರಾರ್ಜಿ ದೇಸಾಯಿಯಂಥವರೇ ತಮ್ಮ ವಿಧಾನಸಭಾ ಕ್ಷೇತ್ರದಲ್ಲಿ ಸೋತರು. ನಲ್ಗೊಂಡದ ರೈತರು ತೆಲಂಗಾಣ ಹೋರಾಟದ ರವಿ ನಾರಾಯಣ ರೆಡ್ಡಿಯವರಿಗೆ ಹಾಕಿದ ಮತ ನೆಹರೂಗೆ ಬಿದ್ದದ್ದಕ್ಕಿಂತಲೂ ಜಾಸ್ತಿ. ಅಂಬೇಡ್ಕರರೂ ಸೋತರು. ಅದು ನನಗೆ ಇವತ್ತಿಗೂ ಬೇಜಾರಿನ ವಿಷಯ. ಎಲ್ಲ ತೀರ್ಮಾನವೂ ಸರಿ ಅಂತ ನಾನು ಹೇಳುತ್ತಿಲ್ಲ. ತೀರ್ಮಾನ ಮಾಡಿದ್ದರು, ಅಷ್ಟೇ ಹೇಳುತ್ತಿದ್ದೇನೆ.

ಎಡವಟ್ಟುಗಳೂ ಆದವು, ಮುಚ್ಚಿಡುವುದೇನು? ನೂರಕ್ಕೆ 45ರಷ್ಟು ಜನ ಮಾತ್ರ ಬೂತಿಗೆ ಬಂದರು. ಕೆಲವರು ಚೀಟಿಯನ್ನು ಡಬ್ಬಿಯ ಒಳಗೆ ಹಾಕದೆ ಮೇಲೆ ಇಟ್ಟು ಬಂದರು. ಕೆಲವರು ಹೂವು ಹಾಕಿದರು. ಇನ್ನು ಕೆಲವರು ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ತಂದರು. ಖಾಲಿ ಚೀಟಿ ಹೊರಗೆ ಬಂದರೆ ಅದಕ್ಕೆ ಬೆಲೆ ಬರುತ್ತದೆ, ಕೊಳ್ಳುವವನು ಇದ್ದೇ ಇರುತ್ತಾನೆ. ಕೊನೆಗೆ ಆ ಪದ್ಧತಿಯನ್ನೇ ಬಿಟ್ಟು, ಎಲ್ಲರ ಹೆಸರು ಚಿಹ್ನೆ ಇರುವ ಒಂದೇ ಮತಪತ್ರಕ್ಕೆ ಮುದ್ರೆ ಒತ್ತುವ ಕ್ರಮ ತಂದರು. ಆಗ ಆಯೋಗ ಮತದಾರನಿಗೆ ಬೈಯಲಿಲ್ಲ. ಡಬ್ಬಿಯ ಪದ್ಧತಿಯನ್ನು ಸರಿ ಮಾಡಿತು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ಈಗ ನಾವು ಏನು ಮಾಡುತ್ತಿದ್ದೇವೆ? ನಮ್ಮ ಬೀದಿನಾಟಕಗಳನ್ನು ನೋಡಿ. ಕುಡುಕ ಗಂಡ, ಸೀರೆಗೆ ಬಾಯಿ ಬಿಡುವ ಹೆಂಡತಿ, ಕೊನೆಗೆ ಪ್ಯಾಂಟು ಹಾಕಿದ ಹುಡುಗ ಬಂದು ಬುದ್ಧಿ ಹೇಳುತ್ತಾನೆ. ಗಂಡ ಹೆಂಡತಿ ಯಾವಾಗಲೂ ಹಳ್ಳಿಯವರೇ. ಗೋಡೆಯ ಮೇಲೆ 'ಮತ ಮಾರಿಕೊಳ್ಳಬೇಡಿ' ಅಂತ ಬರೆಯುತ್ತೇವೆ. 'ಮತ ಕೊಳ್ಳಬೇಡಿ' ಅಂತ ಬರೆದದ್ದನ್ನು ನಾನು ಎಲ್ಲೂ ನೋಡಿಲ್ಲ. ದುಡ್ಡು ಹಂಚುವುದು ನಿಜ. ನಾನು ಡ್ಯೂಟಿ ಮಾಡಿದ ಊರುಗಳಲ್ಲೇ ಹಿಂದಿನ ರಾತ್ರಿ ನಾಯಿ ಬೊಗಳುವುದು ನಿಲ್ಲುತ್ತಿರಲಿಲ್ಲ. ಆದರೆ ಅದೇ ಜನ 1952ರಲ್ಲಿ ತಮ್ಮ ಕೈಯಿಂದ ಒಂದು ರೂಪಾಯಿ ಕೊಟ್ಟು ಶಾಸಕನನ್ನು ಮಾಡಿದ್ದರಲ್ಲ? ಅವರಿಗೆ ದುಡ್ಡಿನ ರುಚಿ ಹತ್ತಿಸಿದವರು ಯಾರು? ಆ ನಾಟಕ ಯಾರೂ ಆಡುವುದಿಲ್ಲ.

2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ನೂರಕ್ಕೆ 81 ಮೀರಿ ಮತದಾನ ಆಯಿತು. ಬೆಂಗಳೂರು ದಕ್ಷಿಣದಲ್ಲಿ 53ರ ಆಸುಪಾಸು. ಬೆಂಗಳೂರಿನ ಪಟ್ಟಿಯಲ್ಲಿ ಊರು ಬಿಟ್ಟು ಹೋದವರ ಹೆಸರೂ ಇರುತ್ತದೆ, ಅದನ್ನು ಕಳೆದು ನೋಡಬೇಕು, ಒಪ್ಪುತ್ತೇನೆ. ಆದರೂ ಜಾಥಾ ಹೊರಡುವುದು ಮಂಡ್ಯದ ಹಳ್ಳಿಗಳಲ್ಲೂ ಅದೇ ಉಪದೇಶ ಹಿಡಿದು. ಹೆಣ್ಣುಮಕ್ಕಳ ವಿಷಯವೂ ಹಾಗೇ. 1962ರಲ್ಲಿ ದೇಶದಲ್ಲಿ ನೂರು ಗಂಡಸರಲ್ಲಿ 63 ಜನ ಮತ ಹಾಕಿದರೆ, ನೂರು ಹೆಂಗಸರಲ್ಲಿ 47ರಷ್ಟು. 2019ರ ಹೊತ್ತಿಗೆ ಹೆಂಗಸರು ಗಂಡಸರನ್ನು ಕೂದಲೆಳೆಯಷ್ಟು ದಾಟಿದರು. ಇದಕ್ಕೆ ಯಾವ ಬೀದಿನಾಟಕವೂ ಕಾರಣ ಅಂತ ನನಗೆ ಅನ್ನಿಸುವುದಿಲ್ಲ.

ಹೆಂಗಸರ ಮಾತು ಬಂತು, ಹೆಸರಿನ ವಿಷಯ ಹೇಳಲೇಬೇಕು. ಪಟ್ಟಿ ಬರೆಯಲು ಬಂದವರು ಗಂಡನ ಹೆಸರೇನು ಅಂತ ದೊಡ್ಡಮ್ಮನನ್ನು ಕೇಳಿದರಂತೆ. ಗಂಡನ ಹೆಸರು ಬಾಯಲ್ಲಿ ಹೇಳುವ ಹಾಗಿಲ್ಲ. ಪಕ್ಕದ ಮನೆಯ ಹುಡುಗಿ ಬಂದು ಹೇಳಿದ ಮೇಲೆ ಬರೆದುಕೊಂಡರು. ಅವರಿಗೆ ಹತ್ತು ನಿಮಿಷ ಕಾಯುವ ತಾಳ್ಮೆ ಇತ್ತು, ಹಾಗಾಗಿ ದೊಡ್ಡಮ್ಮ ಮತದಾರಳಾದಳು. ಉತ್ತರದ ಕಡೆ ಇನ್ನೊಂದು ಥರ. ಅಲ್ಲಿ ಹೆಂಗಸರು ತಮ್ಮ ಹೆಸರನ್ನೇ ಹೊರಗಿನವರಿಗೆ ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಬರೆಸಿದರು. ಸ್ವಂತ ಹೆಸರು ಇಲ್ಲದೆ ಯಾರನ್ನೂ ಪಟ್ಟಿಯಲ್ಲಿ ಇಡಬೇಡಿ ಅಂತ ಸೇನರು ಹಟ ಹಿಡಿದರು. ಕೆಲವು ಕಡೆ ಹೆಚ್ಚಿನ ಸಮಯ ಕೊಟ್ಟರು. ಆದರೂ ಸುಮಾರು 8 ಕೋಟಿ ಹೆಂಗಸರ ಪೈಕಿ 28 ಲಕ್ಷದಷ್ಟು ಜನರ ಹೆಸರು ಹೋಯಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತ, ವಿಂಧ್ಯಪ್ರದೇಶಗಳಲ್ಲೇ ಜಾಸ್ತಿ. ಸೇನರು ಮಾಡಿದ್ದು ಸರಿಯೋ ತಪ್ಪೋ ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. ಹೆಣ್ಣಿಗೆ ಸ್ವಂತ ಹೆಸರು ಇರಬೇಕು ಅಂದದ್ದು ಸರಿ. ಆದರೆ ಆ 28 ಲಕ್ಷ ಜನ ಆ ಚುನಾವಣೆಯಲ್ಲಿ ಮನೆಯಲ್ಲೇ ಉಳಿದರಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಪ್ರಿಸೈಡಿಂಗ್ ಆಫೀಸರ್ ಆಗಿದ್ದ ಒಂದು ಬೂತಿಗೆ ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು. ತೋಟದ ಲೈನ್‌ನಿಂದ ನಡೆದು ಬಂದಿದ್ದಳು, ಕಾಲಿಗೆ ಕೆಂಪು ಮಣ್ಣು. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು. ಪಟ್ಟಿಯಲ್ಲಿ ಹುಡುಕಿದೆವು, ಹೆಸರಿಲ್ಲ. ತೆಗೆದುಹಾಕಿದವರ ಪಟ್ಟಿಯಲ್ಲಿತ್ತು. ಕಾರಣ, ಸ್ಥಳಾಂತರ. ಎಲ್ಲಿಗೆ ಹೋಗಿದ್ದೆ ತಾಯಿ ಅಂತ ಕೇಳಿದೆ. ಮಗಳ ಬಾಣಂತನಕ್ಕೆ ಮೂರು ತಿಂಗಳು ಹೋಗಿದ್ದೆ ಅಂದಳು. ಆ ಮೂರು ತಿಂಗಳಲ್ಲಿ ಯಾರೋ ಬಂದು, ಬೀಗ ನೋಡಿ, ಬರೆದುಕೊಂಡು ಹೋಗಿದ್ದಾರೆ. ಕಾರ್ಡ್ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಇಲ್ಲ. ಅದು ನಿಯಮ, ನಾನು ಮೀರುವ ಹಾಗಿರಲಿಲ್ಲ. ಅವಳು ಕಾರ್ಡನ್ನು ನನ್ನ ಮುಂದೆ ಹಿಡಿದು ಕೇಳಿದಳು: "ಈ ಫೋಟೋದಲ್ಲಿ ಇರೋದು ನಾನೇ ಅಲ್ವಾ ಸಾರ್?"

"ಹೌದು" ಅಂದೆ.

"ಮತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಬೂತಿನ ಗೋಡೆಗೆ ನಾವೇ ಅಂಟಿಸಿದ ಪೋಸ್ಟರ್ ಇತ್ತು: 'ಮತದಾನ ನಿಮ್ಮ ಕರ್ತವ್ಯ.' ಅವಳಿಗೆ ಓದಲು ಬರುತ್ತಿರಲಿಲ್ಲ, ಅದೊಂದು ಪುಣ್ಯ.

ಇದು ಒಬ್ಬಳ ಕಥೆ ಮಾತ್ರ ಅಲ್ಲ ಅಂತ ನಿಮಗೂ ಗೊತ್ತು. 2025ರಲ್ಲಿ ಬಿಹಾರದ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇಲ್ಲದೆ ಹೋದಾಗ, ಯಾರ ಹೆಸರು ಹೋಯಿತು, ಯಾಕೆ ಹೋಯಿತು ಅಂತ ಪ್ರಕಟಿಸಿ ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಸತ್ತವರ ಹೆಸರು ತೆಗೆಯಲೇಬೇಕು, ಎರಡು ಕಡೆ ಇರುವುದನ್ನು ಒಂದು ಮಾಡಲೇಬೇಕು. ಅದರಲ್ಲಿ ತಕರಾರಿಲ್ಲ. ಆದರೆ 1948ರಲ್ಲಿ, ಸಂವಿಧಾನ ಇನ್ನೂ ಮುಗಿದಿರಲಿಲ್ಲ, ಆಗಲೇ ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾಯರು ಸಲಹೆಗಾರರಾಗಿದ್ದ ಸಂವಿಧಾನ ಸಭೆಯ ಕಚೇರಿ ಪಟ್ಟಿ ತಯಾರಿಸಿ ಅಂತ ಪ್ರಾಂತ್ಯಗಳಿಗೆಲ್ಲ ಕಾಗದ ಬರೆದಿತ್ತು. ದೇಶ ಇಬ್ಭಾಗ ಆಗಿ ಲಕ್ಷಾಂತರ ಜನ ನಿರಾಶ್ರಿತರು ಬಯಲಿನಲ್ಲಿದ್ದರು. ಇವರನ್ನು ಸೇರಿಸುವುದು ಹೇಗೆ ಅಂತ ಆ ಕಚೇರಿ ತಲೆ ಕೆಡಿಸಿಕೊಂಡಿತು. ಬಿಡುವುದು ಹೇಗೆ ಅಂತ ಅಲ್ಲ.

ಹಾಗಾಗಿ ನನ್ನ ಕೋರಿಕೆಗಳು. ಮೊದಲನೆಯದು, ಭಾಷಣ ಮತ್ತು ನಾಟಕದ ಪ್ರತಿಗಳನ್ನು ತೆಗೆದು ಒಮ್ಮೆ ಓದಿ. ಹಳ್ಳಿಯವರನ್ನು, ಓದು ಬಾರದವರನ್ನು ನಗೆಪಾಟಲು ಮಾಡುವ ಸಾಲುಗಳನ್ನು ಹೊಡೆದುಹಾಕಿ. ಆ ಜಾಗದಲ್ಲಿ ಕೆಲಸಕ್ಕೆ ಬರುವುದನ್ನು ಹೇಳಿಕೊಡಿ. ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ನೋಡುವುದು ಹೇಗೆ, ಹೋಗಿದ್ದರೆ ಯಾವ ಫಾರಂ, ಬಿ.ಎಲ್.ಓ. (ಬೂತ್ ಮಟ್ಟದಲ್ಲಿ ಪಟ್ಟಿ ನೋಡಿಕೊಳ್ಳುವವರು) ಯಾರು, ಅವರ ಫೋನ್ ಎಷ್ಟು, ನನ್ನ ಮತ ಬೇರೆಯವರು ಹಾಕಿಹೋಗಿದ್ದರೆ ಟೆಂಡರ್ಡ್ ವೋಟ್ ಕೇಳುವುದು ಹೇಗೆ. ನನ್ನಷ್ಟು ವರ್ಷದ ಡ್ಯೂಟಿಯಲ್ಲಿ ಟೆಂಡರ್ಡ್ ವೋಟ್ ಅಂತ ತಾನಾಗಿ ಕೇಳಿದವರು ಒಬ್ಬರೂ ಸಿಗಲಿಲ್ಲ. ನಾವು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಎರಡನೆಯದು, ಬೀಗ ಹಾಕಿದ ಮನೆ ಅಂದರೆ ಖಾಲಿ ಮನೆ ಅಲ್ಲ. ನಮ್ಮ ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ಕಾಫಿ ಕೊಯ್ಲು, ಬಾಣಂತನ, ಜಾತ್ರೆ ಅಂತ ಜನ ಹೋಗುತ್ತಾರೆ, ಬರುತ್ತಾರೆ. ಹೆಸರು ತೆಗೆಯುವ ಮೊದಲು ಮತ್ತೆ ಹೋಗಿ. ನೋಟಿಸನ್ನು ಓದಲು ಬರುವಂಥ ಕನ್ನಡದಲ್ಲಿ ಬರೆಯಿರಿ. ತೆಗೆಯಲಿರುವ ಹೆಸರುಗಳನ್ನು ನ್ಯಾಯಬೆಲೆ ಅಂಗಡಿ ಮುಂದೆ ಅಕ್ಕಿ ಕೊಡುವ ದಿನ ಗಟ್ಟಿಯಾಗಿ ಓದಿಸಿ. ಆ ದಿನ ಇಡೀ ಊರು ಅಲ್ಲಿರುತ್ತದೆ. ಬಿ.ಎಲ್.ಓ.ಗಳ ಮೇಲೆ ಇನ್ನೊಂದು ಹೊರೆ ಹೊರಿಸಿ ಅಂತ ಹೇಳುತ್ತಿಲ್ಲ. ಅವರಲ್ಲಿ ಎಷ್ಟೋ ಜನ ಅಂಗನವಾಡಿ ಕಾರ್ಯಕರ್ತೆಯರು, ಆಗಲೇ ಹತ್ತು ಕೆಲಸ ಇದೆ. ಅವರಿಗೆ ಜೊತೆಗೊಬ್ಬರನ್ನು ಕೊಡಿ, ಓಡಾಟದ ದುಡ್ಡು ಕೊಡಿ.

ಮೂರನೆಯದು ಅರ್ಜೆಂಟು. 1952ರಲ್ಲಿ ಮತ ಹಾಕಲು 1950ರ ಮಾರ್ಚ್ 1ಕ್ಕೆ 21 ತುಂಬಿರಬೇಕಿತ್ತು. ಅಂದರೆ ಆಗ ಮತ ಹಾಕಿದವರು ಯಾರೇ ಬದುಕಿದ್ದರೂ ಅವರಿಗೆ ಈಗ 96-97 ದಾಟಿರಬೇಕು. 1951ರ ಅಕ್ಟೋಬರ್ 25ರಂದು ಹಿಮಾಚಲದಲ್ಲಿ ದೇಶದ ಮೊದಲ ಮತ ಹಾಕಿದ ಶ್ಯಾಮ್ ಸರಣ್ ನೇಗಿಯವರು 2022ರಲ್ಲಿ ತೀರಿಕೊಂಡರು. ಅವರೂ ಶಾಲಾ ಮೇಷ್ಟ್ರು, ನಮ್ಮ ಹಾಗೆ ಚುನಾವಣೆ ಡ್ಯೂಟಿಯವರು. ಅವರ ಮಾತು ದಾಖಲಾಗಿದೆ. ನಮ್ಮ ಕಡೆಯವರದು? 85 ದಾಟಿದವರ ಮನೆಗೆ ನೀವೇ ಮತ ಹಾಕಿಸಿಕೊಳ್ಳಲು ಹೋಗುತ್ತೀರಿ. ಹುಟ್ಟಿದ ವರ್ಷದ ಪಟ್ಟಿ ನಿಮ್ಮ ಹತ್ತಿರ ಇದೆ. ಆ ತಂಡದ ಜೊತೆ ವಿಡಿಯೋ ಕ್ಯಾಮೆರಾ ಹೇಗೂ ಇರುತ್ತದೆ. ಮತ ಹಾಕುವುದನ್ನು ಚಿತ್ರಿಸುವ ಹಾಗಿಲ್ಲ ಸರಿ, ಆದರೆ ಇನ್ನೊಂದು ದಿನ ಹೋಗಿ ಹತ್ತು ನಿಮಿಷ ಮಾತಾಡಿಸಬಹುದಲ್ಲ? ಮೊದಲ ಸಲ ಹೇಗೆ ಹಾಕಿದಿರಿ, ಯಾರು ಹೇಳಿಕೊಟ್ಟರು, ಯಾರಾದರೂ ಹೆದರಿಸಿದ್ದರಾ, ಬೂತ್ ಎಷ್ಟು ದೂರ ಇತ್ತು. ಹಳೆ ಮೈಸೂರು, ಕೊಡಗು, ಮುಂಬೈ ಪ್ರಾಂತ್ಯ, ಹೈದರಾಬಾದ್, ಮದ್ರಾಸ್ ಅಂತ ಆಗ ಕನ್ನಡದವರು ಹರಿದು ಹಂಚಿಹೋಗಿದ್ದರು. ಒಂದೊಂದು ಕಡೆ ಒಂದೊಂದು ಕಥೆ ಇರುತ್ತದೆ. ಕೇಳಿಸಿಕೊಂಡರೆ ನಿಮ್ಮ ತರಬೇತಿಗೇ ಒಳ್ಳೆಯ ಪಾಠ ಸಿಗುತ್ತದೆ.

ದೊಡ್ಡಮ್ಮನ ಮನೆಗೆ ಬರುವುದಾದರೆ ಬೆಳಿಗ್ಗೆ ಹನ್ನೊಂದರ ಒಳಗೆ ಬನ್ನಿ. ಊಟ ಆದ ಮೇಲೆ ಮಲಗುತ್ತಾಳೆ, ಎಬ್ಬಿಸಿದರೆ ಸಿಟ್ಟು ಬರುತ್ತದೆ. ಎಡಗಿವಿಯ ಕಡೆ ಕೂತು ಮಾತಾಡಬೇಕು, ಬಲಗಿವಿ ಕೇಳುವುದಿಲ್ಲ. ಶಾಲು ಮಾತ್ರ ತರಬೇಡಿ. ಆಗಲೇ ನಾಲ್ಕು ಇವೆ, ಒಂದನ್ನು ಕರುವಿಗೆ ಹೊದಿಸಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೇಷ್ಟ್ರು,
ಶಿವಮೊಗ್ಗ ಜಿಲ್ಲೆ